ಐವತ್ತರಲ್ಲಿ ಹದಿನೇಳನೆಯದು

ಭರಮಣ್ಣನ ಬಲಗೈಯ ನಡುಬೆರಳಿನ ಮೇಲೆ ಕಡಲೆಕಾಳಿನಷ್ಟು ದೊಡ್ಡದೊಂದು ಗಂಟು ಎದ್ದಿತ್ತು. ಸಹಿ ಮಾಡಿ ಮಾಡಿ ಬಂದ ಗಂಟು. ನಮ್ಮ ಕಡೆ ದಿನಕ್ಕೆ ಅಷ್ಟು ಸಹಿ ಹಾಕುವವರು ದೊಡ್ಡ ಅಧಿಕಾರಿಗಳು ಮಾತ್ರ. ಅವರಿಗೆ ಸಹಿಯ ಜೊತೆಗೆ ಜೀಪು, ಜವಾನ, ಕಂಡರೆ ಎದ್ದು ನಿಲ್ಲುವ ಮಂದಿ ಎಲ್ಲ ಬರುತ್ತಾರೆ. ಭರಮಣ್ಣನಿಗೆ ಗಂಟು ಮಾತ್ರ ಬಂತು. ಸಹಿ ಮಾಡುವವನು ಸಹಿಸುವುದನ್ನೂ ಕಲಿಯಬೇಕಪ್ಪ ಎಂದು ನಾನೊಮ್ಮೆ ಅಂದದ್ದಕ್ಕೆ ಅವನು ನಗಲಿಲ್ಲ. ಕಾನ್ವೆಂಟಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದಾಗಲೂ ಇಂಥ ಮಾತಿಗೆ ಅವನು ನಕ್ಕವನಲ್ಲ.

ಪಾಪಿನಾಯಕನಹಳ್ಳಿ ದಾಟಿ ಬಳ್ಳಾರಿ ಕಡೆಗೆ ಸ್ವಲ್ಪ ಹೋದರೆ ಎಡಕ್ಕೆ ವಿರೂಪಾಕ್ಷಪ್ಪನವರ ಲಾರಿ ಯಾರ್ಡು. ಅವರು ಕಂಪ್ಲಿಯ ರೈಸ್‌ಮಿಲ್ಲಿನ ಮನೆತನದವರು. ಚೀನಾದವರಿಗೆ ನಮ್ಮ ಗುಡ್ಡಗಳ ಅದಿರಿನ ಮೇಲೆ ಒಮ್ಮೆಲೇ ಪ್ರೀತಿ ಉಕ್ಕಿದ ವರ್ಷ ಮಿಲ್ಲನ್ನು ತಮ್ಮನಿಗೆ ಒಪ್ಪಿಸಿ ಲಾರಿ ಕೊಂಡರು. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಮನೆತನ ಕಲ್ಲಿನಲ್ಲಿ ಅಕ್ಕಿ ಆರಿಸತೊಡಗಿತು. ಆ ಯಾರ್ಡಿನ ಮೂಲೆಯಲ್ಲಿ ಹಡಗಿನಿಂದ ಇಳಿಸಿ ತಂದ ಕಬ್ಬಿಣದ ಕಂಟೇನರೊಂದು ನಿಂತಿತ್ತು. ಅದರ ಒಂದು ಬದಿಗೆ ಗ್ಯಾಸ್ ಕಟರಿನಿಂದ ಕಿಟಕಿ ಕೊರೆದಿದ್ದರು. ಒಳಗೊಂದು ಮೇಜು, ಒಂದು ಕುರ್ಚಿ, ಒಬ್ಬ ಭರಮಣ್ಣ. ಬಾಗಿಲಿನ ಮುಂದೆ ಸದಾ ಒಂದು ಲಾರಿ ಅಡ್ಡ ನಿಂತಿರುತ್ತಿದ್ದುದರಿಂದ ಮೂತ್ರಕ್ಕೆ ಹೋಗಬೇಕಾದರೂ ಡ್ರೈವರನನ್ನು ಕೂಗಿ ಗಾಡಿ ಸರಿಸಬೇಕು. ಡ್ರೈವರ್ ಊಟಕ್ಕೆ ಹೋಗಿದ್ದರೆ ಕಾಯಬೇಕು. ಅದಿರು ಎಂದರೆ ಲೋಹದ ಮಣ್ಣು, ಅದಿರು ಎಂದರೆ ನಡುಗು ಎಂದೂ ಅರ್ಥ. ಆ ರಸ್ತೆಯ ಪಕ್ಕ ಕೂತವರಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಕಷ್ಟವಿರಲಿಲ್ಲ.

ಅವನ ಕೆಲಸ ಇಷ್ಟೇ. ಗುಡ್ಡದಿಂದ ಹೊರಟ ಪ್ರತಿ ಲಾರಿಯ ಕೈಯಲ್ಲಿ ಒಂದು ನಂಬರಿನ ಪರ್ಮಿಟ್ ಇರಬೇಕು. ಒಂದು ನಂಬರಿಗೆ ಒಂದು ಲಾರಿ, ಒಂದು ಸಲ. ಅದರ ಕೆಳಗೆ, ಪರ್ಮಿಟ್ ಕೊಡುವ ಕಚೇರಿಯಲ್ಲಿ ತನ್ನ ಸಹಿಯ ನಮೂನೆ ಕೊಟ್ಟಿಟ್ಟ ಒಬ್ಬನ ಸಹಿ ಇರಬೇಕು. ಆ ಒಬ್ಬ ಭರಮಣ್ಣ. ಕಾನ್ವೆಂಟಿನಲ್ಲಿ ಕಲಿತ ದುಂಡನೆಯ ಇಂಗ್ಲಿಷ್ ಸಹಿ ನೋಡಿ ವಿರೂಪಾಕ್ಷಪ್ಪನವರು ಅವನನ್ನು ಆರಿಸಿದ್ದರು. ಮೊದಲ ತಿಂಗಳು ಒಂದು ನಂಬರಿಗೆ ಒಂದು ಸಹಿ ಹಾಕಿದ. ಎರಡನೆಯ ತಿಂಗಳು ಅದೇ ನಂಬರಿನ ಇನ್ನೊಂದು ಕಾಗದ ಮೇಜಿನ ಮೇಲೆ ಬಂತು. ಇದಕ್ಕೆ ನಿನ್ನೆಯೇ ಹಾಕಿದೆನಲ್ಲ ಎಂದು ಕೇಳಿದಾಗ, ನಂಬರ್ ಖರೇ ಐತಿಲ್ಲೋ ಎಂದು ವಿರೂಪಾಕ್ಷಪ್ಪನವರಿಂದ ಉತ್ತರ ಬಂತು. ನಂಬರ್ ನಿಜವಾಗಿತ್ತು. ಸಹಿಯೂ ನಿಜವಾಗಿತ್ತು. ಸಹಿಯನ್ನು ಜೆರಾಕ್ಸ್ ಮಾಡಿದರೆ ಚೆಕ್‌ಪೋಸ್ಟಿನಲ್ಲಿ ಹಿಡಿಯುತ್ತಿದ್ದರು. ಅದಕ್ಕೇ ಪ್ರತಿ ಕಾಗದಕ್ಕೂ ಹಸಿ ಸಹಿಯೇ ಬೇಕಾಗಿತ್ತು. ಆರು, ಒಂಬತ್ತು, ಒಂದು ಸಲ ಹನ್ನೊಂದು ಲಾರಿಗಳು ಒಂದೇ ನಂಬರಿನ ಮೇಲೆ ಬಂದರಿಗೆ ಹೋದವು.

ಇಂಥ ಮನುಷ್ಯನ ಮನೆಯ ಟ್ರಂಕಿನಲ್ಲಿ ಏನಿತ್ತು ಎಂದು ಹೇಳಿದರೆ ನಮ್ಮೂರಿನಲ್ಲಿ ಯಾರೂ ನಂಬುತ್ತಿರಲಿಲ್ಲ.

ಭರಮಣ್ಣನ ತಾಯಿ ಹೊಳೆಮ್ಮ ಕಾನ್ವೆಂಟಿನ ಅಡುಗೆಮನೆಯಲ್ಲಿ ಸಿಸ್ಟರುಗಳಿಗೆ ಚಪಾತಿ ಮಾಡುತ್ತಿದ್ದಳು. ಆ ಚಪಾತಿಯ ಮೆದುತನಕ್ಕೆ ಸೋತು ಅವರು ಮಗನಿಗೆ ಬಿಟ್ಟಿ ಸೀಟು ಕೊಟ್ಟರು. ಹೀಗೆ ಬಂದ ಇಂಗ್ಲಿಷನ್ನು ಹಿಡಿದುಕೊಂಡು ಅವನು ಹಂಪಿಯ ಹೊಳೆಯಾಚೆ ವಿರುಪಾಪುರಗಡ್ಡೆಯಲ್ಲಿ ತಾಯಕ್ಕನ ಗೆಸ್ಟ್‌ಹೌಸಿಗೆ ಸೇರಿದ. ಗಟ್ಟಿ ಕುಪ್ಪಸದ, ಗಟ್ಟಿ ಗಂಟಲಿನ ತಾಯಕ್ಕ ಗದ್ದೆಯ ಬದಿಗೆ ಒಂಬತ್ತು ಗುಡಿಸಲು ಹಾಕಿಸಿ, ದೊಡ್ಡ ಲಾಡ್ಜಿನಂತೆ ಕಾಣಲಿ ಎಂದು ಅವಕ್ಕೆ ಹನ್ನೊಂದರಿಂದ ಹತ್ತೊಂಬತ್ತರವರೆಗೆ ನಂಬರ್ ಕೊಟ್ಟಿದ್ದಳು. ತೊಂಬತ್ತೆಂಟರ ಚಳಿಗಾಲದಲ್ಲಿ ಹದಿನೇಳನೆಯ ಗುಡಿಸಲಿಗೆ ಡೆಸ್ಮಂಡ್ ಎಂಬ ನರೆಗಡ್ಡದ ಬಿಳಿಯ ಬಂದ. ಮೂರು ದಿನಕ್ಕೆಂದು ಬಂದವನು ಕಾಮಾಲೆಯಾಗಿ ಮೂರು ತಿಂಗಳು ಮಲಗಿದ. ಹೊಳೆಮ್ಮ ದಿನಾ ತೆಪ್ಪ ಹತ್ತಿ ಹೋಗಿ ಗಂಜಿ ಕುಡಿಸಿದಳು, ನೆಲನೆಲ್ಲಿ ಅರೆದು ಕೊಟ್ಟಳು. ಭರಮಣ್ಣ ಪಕ್ಕದಲ್ಲಿ ಕೂತು ಅವನ ಪುಟ್ಟ ಟೇಪ್‌ರೆಕಾರ್ಡರಿನಲ್ಲಿ ಗಿಟಾರು, ಡ್ರಮ್ಮು, ಕಿರುಚಾಟ ಎಲ್ಲವನ್ನೂ ಕೇಳಿದ. ಸಿಸ್ಟರುಗಳು ಕಲಿಸಿದ ಇಂಗ್ಲಿಷ್ ಹಾಡುಗಳಲ್ಲಿ ಯಾರಿಗೂ ಇಷ್ಟು ಸಿಟ್ಟು ಬಂದದ್ದನ್ನು ಅವನು ಕೇಳಿರಲಿಲ್ಲ. ಹಂಪಿಯವರಿಗೆ ರಾಕ್ ಎಂದರೆ ಬಂಡೆ. ಆ ಮೂರು ತಿಂಗಳಲ್ಲಿ ಭರಮಣ್ಣನ ಬಂಡೆಗೆ ಬಾಯಿ ಬಂತು.

ಡೆಸ್ಮಂಡ್ ಹಳೆಯ ಕಾಲದ ಫೋಟೋಗ್ರಾಫರ್. ಎಪ್ಪತ್ತರ ದಶಕದಲ್ಲಿ ಗ್ರಾವೆಲ್ ಸೇಂಟ್ಸ್, ಟಿನ್ ಹಾರ್ಸ್ ಎಂಬಂಥ ಬ್ಯಾಂಡುಗಳ ಜೊತೆ ಊರೂರು ಅಲೆದು, ವೇದಿಕೆಯ ಮೇಲೆ ಕುಣಿಯುವಾಗ ಅಲ್ಲ, ಸುಮ್ಮನೆ ಕೂತಾಗ ಅವರ ಚಿತ್ರ ತೆಗೆದವನು. ಅವುಗಳಲ್ಲಿ ಹನ್ನೆರಡನ್ನು ಆರಿಸಿ, ಒಂದೊಂದನ್ನೂ ಐವತ್ತು ಪ್ರತಿ ಮಾತ್ರ ಮುದ್ರಿಸಿ, ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲಿನಿಂದ ನಂಬರ್ ಬರೆದು, ಸಹಿ ಹಾಕಿ, ಆಮೇಲೆ ನೆಗೆಟಿವ್ ಅನ್ನು ಕತ್ತರಿಯಿಂದ ಕತ್ತರಿಸುವುದು ಅವನ ಮುಪ್ಪಿನ ಕೆಲಸ. ಗುಣವಾಗಿ ಹೋದ ಮೇಲೆ ಪ್ರತಿ ಜನವರಿಗೆ ಅವನಿಂದ ಒಂದು ರಟ್ಟಿನ ಕೊಳವೆ ಬರತೊಡಗಿತು. ಒಳಗೆ ಒಂದು ಫೋಟೋ. ಯಾವಾಗಲೂ ಐವತ್ತರಲ್ಲಿ ಹದಿನೇಳನೆಯದು, ಗುಡಿಸಲಿನ ನಂಬರ್. ಜೊತೆಗೆ ಕತ್ತರಿಸಿದ ನೆಗೆಟಿವ್‌ನ ಉಗುರಿನಷ್ಟು ಚೂರು. ಮೊದಲ ಪತ್ರದಲ್ಲೇ ಅವನು ಬರೆದಿದ್ದ: ಇದನ್ನು ಮಾರು, ಹರಿ, ಯಾರಿಗಾದರೂ ಕೊಡು, ನಿನ್ನಿಷ್ಟ, ಐವತ್ತೊಂದನೆಯದು ಮಾತ್ರ ಹುಟ್ಟಬಾರದು.

ಎರಡು ಸಾವಿರದ ಏಳರ ಹೊತ್ತಿಗೆ ಭರಮಣ್ಣನ ಬಳಿ ಒಂಬತ್ತು ಚಿತ್ರಗಳಿದ್ದವು. ಚಿತ್ತವಾಡಗಿಯ ಮನೆಯಲ್ಲಿ ಅವನ್ನು ಗೋಡೆಗೆ ಹಾಕುವಂತಿರಲಿಲ್ಲ. ಹೊಸಪೇಟೆಯ ಗೋಡೆ, ಎಲೆ, ಎಮ್ಮೆ, ಇಡ್ಲಿ ಎಲ್ಲದರ ಮೇಲೂ ಆ ವರ್ಷಗಳಲ್ಲಿ ಕೆಂಪು ಧೂಳು ಕೂರುತ್ತಿತ್ತು. ಆದ್ದರಿಂದ ಟ್ರಂಕು. ಭಾನುವಾರ ಮಧ್ಯಾಹ್ನ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಮದುವೆಯ ಬ್ಯಾಂಡ್‌ಸೆಟ್ಟಿನವರ ಅಂಗಡಿಯಿಂದ ತಂದ ಬಿಳಿ ಕೈಗವಸು ತೊಟ್ಟು ಒಂದೊಂದನ್ನೇ ಬಿಡಿಸಿ ನೋಡುತ್ತಿದ್ದ. ಬ್ಯಾಂಡಿನವರನ್ನು ಮುಟ್ಟಲು ಬ್ಯಾಂಡಿನವರದೇ ಕೈಗವಸು. ಬೆವರಿನ ಹನಿ ಬೀಳದಿರಲೆಂದು ಹಣೆಗೊಂದು ಟವೆಲ್ ಕಟ್ಟಿಕೊಳ್ಳುತ್ತಿದ್ದ. ಹೊಳೆಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಹೊರಗ ತಗದ್ರ ಧೂಳಂತಿ, ಒಳಗಿಟ್ರ ಅವಕ್ಕ ಉಸಿರು ಕಟ್ಟತೈತಿ," ಎಂದು ಒಮ್ಮೆ ಅಂದಳು. "ಪಾಪ, ಅವ್ರೂ ನಿನ್ನಂಗ ಆದ್ರು ನೋಡು."

ತಾಯಕ್ಕನಿಗೆ ಈ ಫೋಟೋಗಳ ವಿಷಯ ಗೊತ್ತಿತ್ತು. ಆ ವರ್ಷ ಅವಳು ಹೊಸದಾಗಿ ಊಟದ ಹಾಲ್ ಕಟ್ಟಿಸಿದ್ದಳು. ಹೊಳೆಯ ಆಚೆ, ಗದ್ದೆಗಳ ನಡುವೆ, ಲಾರಿ ಸುಳಿಯದ ಜಾಗ. ಅಲ್ಲಿಗೆ ಧೂಳೂ ಟಿಕೆಟ್ ತೆಗೆಸಿಕೊಂಡೇ ಬರಬೇಕು. ಭರಮಣ್ಣ ಯಾರ್ಡು ಬಿಟ್ಟು ಮ್ಯಾನೇಜರಾಗಿ ಮರಳಿ ಬಂದರೆ ನಾಲ್ಕೂ ಗೋಡೆ ಅವನ ಫೋಟೋಗಳಿಗೇ ಎಂದಳು. ದಸರೆಯ ಹೊತ್ತಿಗೆ ಸೀಸನ್ ಶುರು, ಅಷ್ಟರೊಳಗೆ ಬಂದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದೂ ಹೇಳಿದಳು. ಅವಳ ಮಾತಿನಲ್ಲಿ ಎಂದೂ ಎರಡನೆಯ ಪ್ರತಿ ಇರುತ್ತಿರಲಿಲ್ಲ.

ಭರಮಣ್ಣ ಯಾರ್ಡಿಗೆ ಬಂದು ಕೆಲಸ ಬಿಡುತ್ತೇನೆ ಎಂದ. ವಿರೂಪಾಕ್ಷಪ್ಪನವರು ಕೆಟ್ಟ ಮನುಷ್ಯರಲ್ಲ. ಅದೇ ಕಷ್ಟ, ಕೆಟ್ಟವರಾಗಿದ್ದರೆ ಜಗಳವಾಡಿ ಹೋಗಬಹುದಿತ್ತು. ಅವರು ಕುರ್ಚಿ ಎಳೆದು ಕೂರಿಸಿ, ಬೆಲ್ಲದ ಚಹಾ ತರಿಸಿ, ನಿಧಾನವಾಗಿ ಹೇಳಿದರು.

"ನೀ ಹೋಗಪ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಿನ್ನ ಸಹಿ ಎಲ್ಲಿಗಿ ಹೋಗ್ತೈತಿ? ಕಚೇರ್ಯಾಗ ನಮೂನಿ ನಿಂದೈತಿ. ನೀ ಬರದಿದ್ರ ಅದರ ಪಾಡಿಗಿ ಅದು ಬೀಳ್ತೈತಿ, ಯಾರರ ಹಾಕ್ತಾರ. ನಿನ್ನ ಹೆಸರು ಇಲ್ಲೇ ದುಡೀತೈತಿ, ನೀ ಮಾತ್ರ ಆಕಡೆ ಇರ್ತೀದಿ. ಅದು ಚಂದ ಏನ್ಲೇ?"

ಆ ನಮೂನೆಯನ್ನು ಬೇರೆಯವರ ಹೆಸರಿಗೆ ಬದಲಿ ಮಾಡಿಕೊಡುವ ಪತ್ರವನ್ನು ಗೃಹಪ್ರವೇಶ ಮುಗಿದ ಮೇಲೆ ಕಚೇರಿಗೆ ಬರೆಯುತ್ತೇನೆ ಎಂದರು. ಹೊಸಪೇಟೆಯಲ್ಲಿ ಅವರು ಮೂರು ಮಹಡಿಯ ಮನೆ ಕಟ್ಟಿಸುತ್ತಿದ್ದರು. ಕರಿಕಲ್ಲು, ಬಿಳಿಕಲ್ಲು, ಹಸಿರುಕಲ್ಲು ಎಲ್ಲ ಇತ್ತು. ಹಾಲಿನ ಒಂದು ಗೋಡೆ ಮಾತ್ರ ಖಾಲಿ ಇತ್ತು.

ಭರಮಣ್ಣ ಎರಡು ವಾರ ಯೋಚಿಸಿದ. ಗೃಹಪ್ರವೇಶಕ್ಕೆ ವಿರೂಪಾಕ್ಷಪ್ಪನವರಿಗೆ ಸೀರೆ, ಬೆಳ್ಳಿ ಲೋಟ ಕೊಡುವವರು ನೂರು ಜನ. ತನ್ನ ಬಳಿ ಇರುವುದರಲ್ಲಿ ಒಂದನ್ನು ಕೊಟ್ಟರೆ ಆ ಪತ್ರ ಬೇಗ ಬಂದೀತು ಎನಿಸಿತು. ಅವನಿಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದನ್ನೇ ಆರಿಸಿದ. ಗ್ರಾವೆಲ್ ಸೇಂಟ್ಸ್‌ನ ನಾಲ್ವರು ಕೆಟ್ಟು ನಿಂತ ವ್ಯಾನಿನ ಹಿಂಬದಿಯಲ್ಲಿ, ಮಳೆಯಲ್ಲಿ, ರಿಪೇರಿಯವನಿಗಾಗಿ ಕಾಯುತ್ತ ಕೂತ ಚಿತ್ರ. ಒಬ್ಬ ಆಕಳಿಸುತ್ತಿದ್ದಾನೆ. ಒಬ್ಬ ಶೂ ಬಿಚ್ಚಿ ನೀರು ಬಸಿಯುತ್ತಿದ್ದಾನೆ. ಮೂರನೆಯವನು ನಮ್ಮ ಕಡೆ ನೋಡುತ್ತಿದ್ದಾನೆ. ನಾಲ್ಕನೆಯವನಿಗೆ ನಿದ್ದೆ. ಯಾರ್ಡಿನ ಸಾಲಿನಲ್ಲಿ ನಿಂತ ಡ್ರೈವರುಗಳ ಮುಖದಲ್ಲಿ ದಿನಾ ಕಾಣುವುದೇ ಆ ನಾಲ್ವರ ಮುಖದಲ್ಲೂ ಇತ್ತು. ಅದು ಡೆಸ್ಮಂಡನಿಗೆ ಹೇಗೆ ಗೊತ್ತಾಯಿತು ಎಂದು ಭರಮಣ್ಣನಿಗೆ ಆಶ್ಚರ್ಯ.

ಶ್ರಾವಣದ ಗೃಹಪ್ರವೇಶಕ್ಕೆ ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಒಯ್ದ. ಬಿಳಿ ಅಂಚು ಕತ್ತರಿಸದಂತೆ ಕಟ್ಟಿನವನ ಎದುರೇ ಕೂತು ಕಾದಿದ್ದ. ಐವತ್ತೇ ಇರುವುದು, ಇದು ಹದಿನೇಳನೆಯದು, ಇನ್ನೊಂದು ಮಾಡಲಾಗದು ಎಂದು ವಿರೂಪಾಕ್ಷಪ್ಪನವರಿಗೆ ಬಿಡಿಸಿ ಹೇಳಿದ. ಅವರು ಚೆನ್ನಾಗಿಯೇ ಅರ್ಥ ಮಾಡಿಕೊಂಡರು. ಚಿತ್ರದಲ್ಲಿ ವಾಹನವಿದ್ದದ್ದು ಅವರಿಗೆ ಬಹಳ ಹಿಡಿಸಿತು. ನಮ್ಮ ಲೈನಿನ ಮಂದಿ ಇವರು ಎಂದು ಬಂದವರಿಗೆಲ್ಲ ತೋರಿಸಿದರು. ಜಗತ್ತಿನಲ್ಲಿ ಐವತ್ತೇ ಇದಾವಂತ ಎಂದು ಅವರು ಹೇಳಿದಷ್ಟೂ ನೋಡಿದವರಿಗೆ ತಮಗೂ ಒಂದು ಬೇಕೆನಿಸಿತು. ಒಬ್ಬರು ಬಾಯಿಬಿಟ್ಟು ಕೇಳಿದರು, ಆಮೇಲೆ ಎಲ್ಲರೂ ಕೇಳಿದರು. ಹೊಸ ಮನೆ, ಹಬ್ಬದ ದಿನ, ಕೇಳಿದ್ದನ್ನು ಇಲ್ಲ ಎನ್ನಲು ಆ ಮನೆತನಕ್ಕೆ ಬಾಯಿ ಬರುವುದಿಲ್ಲ.

ಹತ್ತು ದಿನ ಬಿಟ್ಟು ಅವರು ಭರಮಣ್ಣನನ್ನು ಹೊಸ ಮನೆಗೆ ಕರೆಸಿದರು. ಹಾಲಿನ ನೆಲದ ಮೇಲೆ ಪೇಪರ್ ಸುತ್ತಿದ ಒಂದೇ ಒಂದು ಕಟ್ಟು ಉಳಿದಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ಮುರುಗೇಶ್ ಅದರ ಪಕ್ಕ ಕೈಕಟ್ಟಿ ನಿಂತಿದ್ದ. ಅವನು ಚಿತ್ರವನ್ನು ಸ್ಕ್ಯಾನ್ ಮಾಡಿ ನಲವತ್ತು ಪ್ರತಿ ಮಾಡಿದ್ದ. ಅದೇ ಅಳತೆ, ಅದೇ ಬೂದು ಬಣ್ಣ, ಅದೇ ಬಿಳಿ ಅಂಚು. ಮೂವತ್ತೊಂಬತ್ತು ಆಗಲೇ ಮನೆಮನೆಗೆ ಹೋಗಿದ್ದವು. ಪೆನ್ಸಿಲ್ ನಂಬರ್ ಸೈತ ಬಿಟ್ಟಿಲ್ರಿ, ಸಹಿ ಸೈತ ಬಂದೈತಿ ಎಂದು ಮುರುಗೇಶ್ ಹೆಮ್ಮೆಯಿಂದ ಹೇಳಿದ. ಹಿಂಬದಿಯಲ್ಲಿ ವಿರೂಪಾಕ್ಷಪ್ಪ ಮತ್ತು ಕುಟುಂಬದವರ ಪ್ರೀತಿಯ ಕಾಣಿಕೆ ಎಂದೂ, ಅದರ ಕೆಳಗೆ ಸ್ವಲ್ಪ ಸಣ್ಣ ಅಕ್ಷರದಲ್ಲಿ ಭರಮಣ್ಣನವರ ಸಹಕಾರದಿಂದ ಎಂದೂ ಅಚ್ಚಾಗಿತ್ತು.

ಭರಮಣ್ಣ ಪೇಪರ್ ಸರಿಸಿ ಕೆಳಗಿನ ನಂಬರ್ ನೋಡಿದ. ಐವತ್ತೇ ಅಂತ ಹೇಳಿದ್ನಲ್ರಿ ಸ್ವಾಮಿ ಎಂದ.

"ಹೌದಪ, ಅದಕ್ಕ ನಾ ಹೊಸಾ ನಂಬರ್ ಹಾಕಸಿಲ್ಲ," ಎಂದರು ವಿರೂಪಾಕ್ಷಪ್ಪನವರು. "ಹದಿನೇಳs ಐತಿ. ನಂಬರ್ ಖರೇ ಐತಿ, ಸಹಿ ಖರೇ ಐತಿ. ನೀ ಹೇಳಿದ ಲೆಕ್ಕ ತಪ್ಪಿಲ್ಲ. ಮತ್ಯಾಕ ಮಾರಿ ಸಣ್ಣ ಮಾಡ್ತಿ?"

ಅವರು ಸುಳ್ಳು ಹೇಳುತ್ತಿರಲಿಲ್ಲ, ಕುಚೋದ್ಯವನ್ನೂ ಮಾಡುತ್ತಿರಲಿಲ್ಲ. ನಾಲ್ಕು ವರ್ಷದಿಂದ ಯಾರ್ಡು ನಡೆದದ್ದೇ ಹಾಗೆ. ಅದನ್ನು ದಿನಾ ಮೇಜಿನ ಮೇಲೆ ನಡೆಸಿದವನು ಎದುರು ನಿಂತ ಭರಮಣ್ಣನೇ. ಅವನು ಬದಲಿ ಸಹಿಯ ಪತ್ರದ ಮಾತೆತ್ತಿದ. ಇಷ್ಟು ಪ್ರೀತಿ ಇಟ್ಟುಕೊಂಡವನನ್ನು ಹೇಗಪ್ಪ ಕಳಿಸುವುದು ಎಂದು ಅವರು ಅವನ ಹೆಗಲ ಮೇಲೆ ಕೈಯಿಟ್ಟರು. ಆ ಕೈ ಬಹಳ ಭಾರವಾಗಿತ್ತು ಎಂದು ಅವನು ಆಮೇಲೆ ನನಗೆ ಹೇಳಿದ.

ಮರುದಿನದಿಂದ ಭರಮಣ್ಣ ನಿಜವಾದ ಸಂಗ್ರಾಹಕನಾದ. ಅಲ್ಲಿಯವರೆಗೆ ಅವನು ಸಂಗ್ರಹಿಸಿದ್ದು ಒಂಬತ್ತು ಅಸಲು. ಈಗ ನಲವತ್ತು ನಕಲನ್ನು ಸಂಗ್ರಹಿಸಬೇಕಾಯಿತು. ಹಾಲಿನಲ್ಲಿ ಉಳಿದಿದ್ದ ಒಂದು ಅಲ್ಲೇ ಸಿಕ್ಕಿತು. ಉಳಿದವರ ಪಟ್ಟಿ ಮಾಡಿಕೊಂಡು, ಯಾರ್ಡಿನಿಂದ ಬಿಡುವು ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಮನೆಮನೆಗೆ ಹೋದ. ಅಚ್ಚಿನಲ್ಲಿ ಒಂದು ತಪ್ಪಾಗಿದೆ, ಸರಿ ಮಾಡಿಸಿ ಕೊಡುತ್ತೇನೆ ಎಂದು ಹೇಳುತ್ತಿದ್ದ. ತಪ್ಪು ಎಲ್ಲಿ ಎಂದು ಯಾರಾದರೂ ಕೇಳಿದರೆ ಕೆಳಗಿನ ನಂಬರ್ ತೋರಿಸುತ್ತಿದ್ದ. ಹೊಸಪೇಟೆಯಲ್ಲಿ ಹೆಚ್ಚು ಕಷ್ಟವಾಗಲಿಲ್ಲ. ಕೆಲವರು ಪೇಪರನ್ನೇ ಬಿಚ್ಚಿರಲಿಲ್ಲ. ಒಂದು ಮನೆಯಲ್ಲಿ ಕಟ್ಟು ಇಟ್ಟುಕೊಂಡು, ನಾಲ್ವರನ್ನು ತೆಗೆದು, ಆ ಜಾಗದಲ್ಲಿ ಮೊಮ್ಮಗನನ್ನು ಕೂರಿಸಿದ್ದರು. ಮಡಚಿದ ಫೋಟೋವನ್ನು ಅಕ್ಕಿಡಬ್ಬಿಯ ಕೆಳಗಿನಿಂದ ಎಳೆದು ಕೊಟ್ಟರು. ಮರಿಯಮ್ಮನಹಳ್ಳಿಯ ಒಂದು ಗ್ಯಾರೇಜಿನವರು ಮಾತ್ರ ಕೊಡಲಿಲ್ಲ. ರಿಪೇರಿಗೆ ಬಂದ ಗಿರಾಕಿಗಳು ಇದನ್ನು ನೋಡಿ ಸಮಾಧಾನವಾಗಿ ಕಾಯುತ್ತಾರೆ ಎಂದರು. ಅದು ಆ ಚಿತ್ರಕ್ಕೆ ಸಿಕ್ಕ ಒಳ್ಳೆಯ ವಿಮರ್ಶೆ ಎಂದು ಭರಮಣ್ಣನಿಗೂ ಒಪ್ಪಿಗೆಯಾಯಿತು, ಆದರೂ ಪಟ್ಟಿಯಲ್ಲಿ ಆ ಹೆಸರು ಹೊಡೆಯಲಾಗದೆ ಉಳಿಯಿತು.

ಕಂಪ್ಲಿಯಲ್ಲಿ ಹಂಪಮ್ಮ ಎಂಬ ಹಿರಿಯ ಹೆಂಗಸು, ವಿರೂಪಾಕ್ಷಪ್ಪನವರ ದೂರದ ಸಂಬಂಧಿ, ಅದನ್ನು ನಡುಮನೆಯಲ್ಲಿ ತೂಗುಹಾಕಿ ದಿನಾ ಒರೆಸುತ್ತಿದ್ದಳು. ಭರಮಣ್ಣ ಬಂದ ಕಾರಣ ಹೇಳಿದಾಗ ಅವಳು ಮಜ್ಜಿಗೆ ಕೊಟ್ಟು, ತಾನೂ ಎದುರು ಕೂತಳು.

"ಈ ಮೂರನೇದಾವ ನಮ್ಮ ತಮ್ಮನಂಗs ಅದಾನ," ಎಂದಳು. "ಹಿಂಗs ನೋಡ್ತಿದ್ದ, ಏನೋ ಹೇಳಾಕ ಬಂದು ಬಿಟ್ಟವ್ರಂಗ. ಉಳದ ಮೂರು ಮಂದೀನ ಬೇಕಾದ್ರ ಒಯ್ಯಪ. ಇವನ್ನ ಬಿಡು."

ಭರಮಣ್ಣ ನಾಲ್ವರನ್ನೂ ಅಲ್ಲೇ ಬಿಟ್ಟು ಬಂದ.

ಭಾದ್ರಪದ ಮುಗಿಯುವಾಗ ಇಪ್ಪತ್ತೈದು ಸಿಕ್ಕಿದ್ದವು. ಇಪ್ಪತ್ತಾರನೆಯದಕ್ಕೆ ಸಂಡೂರಿಗೆ ಹೋದ. ಗವಿಸಿದ್ದಪ್ಪ ಎಂಬವರು ಅಲ್ಲಿ ಪರ್ಮಿಟ್ಟಿನ ಕಚೇರಿಯಲ್ಲಿ ಗುಮಾಸ್ತರು, ಗೃಹಪ್ರವೇಶಕ್ಕೆ ಬಂದು ಒಂದು ಪ್ರತಿ ಪಡೆದವರು. ಸಾಧು ಮನುಷ್ಯ. ಮನೆಯ ಕಟ್ಟೆಯ ಮೇಲೆ ಕೂರಿಸಿ ಫೋಟೋ ಮರಳಿಸಿದರು. ಮಾತಿನ ನಡುವೆ ಭರಮಣ್ಣ ಬದಲಿ ಪತ್ರ ಬರದೆ ತಾನು ಸಿಕ್ಕಿಬಿದ್ದಿರುವುದನ್ನು ಹೇಳಿಕೊಂಡ. ಅವರಿಗೆ ಅಚ್ಚರಿಯಾಯಿತು. ಅದಕ್ಕೆ ಮಾಲೀಕರ ಪತ್ರವೇ ಬೇಕಿಲ್ಲ, ಸಹಿಯ ನಮೂನೆ ಕೊಟ್ಟವನೇ ಅದನ್ನು ವಾಪಸ್ ಪಡೆಯಬಹುದು, ಅದಕ್ಕೊಂದು ಅರ್ಜಿ ನಮೂನೆ ಇದೆ, ಒಂದೇ ಹಾಳೆ, ತುಂಬಿ ಕೊಟ್ಟರೆ ಅದೇ ದಿನ ಬಿಡುಗಡೆ ಎಂದರು. ನಾಲ್ಕು ವರ್ಷದಲ್ಲಿ ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅವನೂ ಯಾರನ್ನೂ ಕೇಳಿರಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಅವನಿಗೆ ಕೂರಲಾಗಲಿಲ್ಲವಂತೆ, ಸೀಟಿದ್ದರೂ ನಿಂತೇ ಬಂದ. ಮನೆಗೆ ಬಂದವನೇ ಸಿಕ್ಕಿದ್ದ ನಕಲುಗಳನ್ನೆಲ್ಲ ಸುಟ್ಟು, ಡೆಸ್ಮಂಡನಿಗೆ ಪತ್ರ ಬರೆದ. ನಡೆದದ್ದನ್ನೆಲ್ಲ ಬರೆದು, ಇಪ್ಪತ್ತಾರು ನಕಲು ಹಿಡಿದು ಸುಟ್ಟಿದ್ದೇನೆ, ಹದಿನಾಲ್ಕು ಇನ್ನೂ ಹೊರಗಿವೆ, ಅವು ಬರುವುದಿಲ್ಲ ಎಂದ. ನಿನ್ನ ಚಿತ್ರ ನಲವತ್ತು ಸಲ ಹುಟ್ಟಿತು ಎಂದು ಒಬ್ಬನಿಗೆ ಬರೆದು ತಿಳಿಸುವುದು ಇಷ್ಟು ಹಗುರ ಎನಿಸುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಮರುದಿನ ಪೋಸ್ಟ್ ಆಫೀಸಿನಿಂದ ನೇರ ತಾಯಕ್ಕನಲ್ಲಿಗೆ ಹೋಗಿ, ಮಹಾಲಯ ಅಮಾವಾಸ್ಯೆ ಕಳೆದ ಮರುದಿನ ಬಂದುಬಿಡುತ್ತೇನೆ, ಗೋಡೆಗೆ ಮೊಳೆ ಹೊಡೆಸಿಡು ಎಂದ. ಎಂಟು ಮೊಳೆ ಹೊಡೆಸಲೋ ಒಂಬತ್ತೋ ಎಂದು ಅವಳು ಕೇಳಿದಳು. ಒಂಬತ್ತು ಹೊಡೆಸು, ಜನವರಿಗೆ ಇನ್ನೊಂದು ಬಂದರೂ ಬರಬಹುದು ಎಂದ.

ಸೋಮವಾರ ಹೊಸ ಅಂಗಿ ಹಾಕಿಕೊಂಡು ಸಂಡೂರಿನ ಕಚೇರಿಗೆ ಹೋದ. ಗವಿಸಿದ್ದಪ್ಪ ಕೌಂಟರಿನ ಆಚೆ ಕೂತಿದ್ದರು. ನಗುತ್ತಲೇ ಹಾಳೆ ಕೊಟ್ಟರು. ಹೆಸರು, ವಿಳಾಸ, ಯಾರ್ಡಿನ ಹೆಸರು, ಕೊನೆಯದಾಗಿ ಸಹಿ ಮಾಡಿದ ಪರ್ಮಿಟ್ಟಿನ ನಂಬರ್. ಇವಿಷ್ಟನ್ನೂ ದುಂಡನೆಯ ಅಕ್ಷರದಲ್ಲಿ ತುಂಬಿದ. ಕೆಳಗೆ ಒಂದು ಸಾಲು ಅಚ್ಚಾಗಿತ್ತು: ಮೇಲ್ಕಂಡ ಸಂಖ್ಯೆಯವರೆಗಿನ ಪ್ರತಿಯೊಂದು ಪರ್ಮಿಟ್ಟಿಗೂ ನಾನು ಒಂದೊಂದೇ ಬಾರಿ ಸಹಿ ಮಾಡಿರುತ್ತೇನೆ. ಅದರ ಕೆಳಗೆ ಸಹಿಗೆ ಜಾಗ.

ಭರಮಣ್ಣ ಪೆನ್ನು ಹಿಡಿದುಕೊಂಡು ನಿಂತ. ಅವನ ಹಿಂದೆ ಏಳೆಂಟು ಜನರ ಸಾಲಿತ್ತು. ಯಾರೋ ಜಲ್ದಿ ಮಾಡ್ರೀ ಎಂದರು. ಅವನು ಒಂದೊಂದೇ ಎಂಬುದನ್ನು ಒಂದು ಗೆರೆಯಿಂದ ಹೊಡೆದು, ಮೇಲೆ ಹಲವು ಎಂದು ಬರೆದು, ಸಹಿ ಹಾಕಿ ಕಿಂಡಿಯೊಳಗೆ ತಳ್ಳಿದ.

ಗವಿಸಿದ್ದಪ್ಪ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಹಾಳೆಯನ್ನು ಮಡಚಿ ಕಿಂಡಿಯಿಂದ ಹೊರಗಿಟ್ಟು, ಹೊಸದೊಂದು ಹಾಳೆಯನ್ನು ಅದರ ಪಕ್ಕ ಇಟ್ಟರು. ಆಮೇಲೆ ದನಿ ತಗ್ಗಿಸಿದರು.

"ಇದನ್ನ ನಾ ತಗೊಂಡ್ರ, ಬಂದು ಮುಟ್ಟೈತಿ ಅಂತ ನಾನೂ ಸಹಿ ಹಾಕಬೇಕು ಭರಮಣ್ಣೋರೆ. ನನಗ ಇಬ್ರು ಹೆಣ್ಮಕ್ಳು ಅದಾರ."

"ಪೋಸ್ಟಿಗಿ ಹಾಕ್ಲೇನ್ರಿ?"

"ಹಾಕ್ರಿ. ಅದೂ ಇದs ಮೇಜಿಗಿ ಬರ್ತೈತಿ." ಅವರು ಹೊಸ ಹಾಳೆಯನ್ನು ಬೆರಳಿನಿಂದ ಮುಂದೆ ಸರಿಸಿದರು. "ಇಷ್ಟು ವರ್ಷ ಎಷ್ಟೋ ಹಾಕೀರಿ. ಇನ್ನೊಂದು ಹಾಕಾಕ ಏನ್ ತ್ರಾಸು? ಇದು ಕಡೀದು."

"ಕಡೀದು ಅಂತನs ಹಾಕಾಕ ಆಗವಲ್ದು ಸಾರ್," ಎಂದ ಭರಮಣ್ಣ.

 ಹಿಂದಿನವನು ಅವನ ಹೆಗಲ ಮೇಲಿಂದ ಕೈ ಚಾಚಿ ತನ್ನ ಕಾಗದ ಕಿಂಡಿಗೆ ಹಾಕಿದ. ಗವಿಸಿದ್ದಪ್ಪ ಅದನ್ನು ತೆಗೆದುಕೊಂಡರು. ಭರಮಣ್ಣ ಸಾಲಿನಿಂದ ಪಕ್ಕಕ್ಕೆ ಸರಿದ. ಹೊಸ ಹಾಳೆಯನ್ನು ಅಲ್ಲೇ ಬಿಟ್ಟು, ಮಡಚಿದ ಹಳೆಯದನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಗೆ ಬಂದ. ಎರಡು ಗಂಟೆಗೆ ಯಾರ್ಡಿನಲ್ಲಿದ್ದ. ಕಂಟೇನರಿನ ಬಾಗಿಲಿಗೆ ಅಡ್ಡ ನಿಂತಿದ್ದ ಲಾರಿಯ ಡ್ರೈವರನನ್ನು ಕೂಗಿ, ಗಾಡಿ ಸರಿಸಿಕೊಂಡು, ಒಳಗೆ ಹೋಗಿ ಕೂತ.

ಈ ಕಥೆಯನ್ನು ಕೇಳಿದ ನಮ್ಮ ಹಳೆಯ ಸಹಪಾಠಿಗಳು ಅವನಿಗೆ ಬುದ್ಧಿ ಕಡಿಮೆ ಎಂದರು. ಸಾವಿರಗಟ್ಟಲೆ ಸುಳ್ಳು ಸಹಿ ಹಾಕಿದವನಿಗೆ ಬಿಡುಗಡೆಯ ಒಂದು ಸುಳ್ಳು ಸಹಿ ಭಾರವಾಯಿತೇ ಎಂದು ನಕ್ಕರು. ಸುಮ್ಮನಿದ್ದರೆ ಕಲಿತ ಶಾಲೆಗೆ ಅವಮಾನವೆಂದು ನಾನೂ ಒಂದು ಪನ್ನು ಹೊಡೆದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಲೆಕ್ಕ ಹಾಕಿದರೆ ಅವರ ಮಾತೇ ಸರಿ. ಆದರೆ ಯಾರ್ಡಿನ ಸಹಿಗಳನ್ನು ಹಾಕುವಾಗ ಅವನನ್ನು ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ, ಆ ಹಾಳೆ ಕೇಳಿತ್ತು. ಕೇಳಿದ್ದಕ್ಕೆ ಉತ್ತರ ಹೇಳಿದ. ಅಷ್ಟೇ.

ದಸರೆ ಬಂತು. ತಾಯಕ್ಕ ತನ್ನ ಮಾತಿನಂತೆ ರಾಯಣ್ಣ ಎಂಬ ಆನೆಗೊಂದಿಯ ಹುಡುಗನನ್ನು ಮ್ಯಾನೇಜರನ್ನಾಗಿ ಇಟ್ಟುಕೊಂಡಳು. ಜನವರಿಗೆ ಡೆಸ್ಮಂಡನ ಕೊಳವೆ ಬಂತು, ಹತ್ತನೆಯ ಚಿತ್ರ, ಐವತ್ತರಲ್ಲಿ ಹದಿನೇಳನೆಯದು. ಪತ್ರವಿರಲಿಲ್ಲ. ನಾಲ್ಕು ಮಾತು ಬೈದಿದ್ದರೂ ಚೆನ್ನಾಗಿತ್ತು ಎಂದು ಭರಮಣ್ಣ ಕೊಳವೆಯನ್ನು ಎರಡೆರಡು ಸಲ ಕೊಡವಿ ನೋಡಿದ. ನೆಗೆಟಿವ್‌ನ ಚೂರು ಮಾತ್ರ ಬಿತ್ತು.

ಅಮಾವಾಸ್ಯೆಯ ದಿನ ಲಾರಿಗಳಿಗೆ ನಿಂಬೆಹಣ್ಣು ಕಟ್ಟಿ ಪೂಜೆ ಮಾಡುವುದರಿಂದ ಯಾರ್ಡು ಮಧ್ಯಾಹ್ನದವರೆಗೆ ಮುಚ್ಚಿರುತ್ತದೆ. ಆ ಬಿಡುವಿನಲ್ಲಿ ಅವನು ಎಂಟು ಹಳೆಯ ಚಿತ್ರ, ಒಂದು ಹೊಸದು, ಮೊದಲೇ ಕಟ್ಟು ಹಾಕಿಸಿಟ್ಟಿದ್ದ ಎಲ್ಲವನ್ನೂ ತಾಯಿಯ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಹಂಪಿಗೆ ಹೋಗಿ ತೆಪ್ಪ ಹತ್ತಿದ. ಹೊಳೆಮ್ಮನೂ ಜೊತೆಗಿದ್ದಳು, ನೀರಿನ ಮೇಲೆ ಹೋಗುವಷ್ಟೂ ಹೊತ್ತು ಅವಳು ಕಟ್ಟುಗಳನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. ತಾಯಕ್ಕನ ಹಾಲಿನಲ್ಲಿ ಒಂಬತ್ತನ್ನೂ ಭರಮಣ್ಣನೇ ತೂಗುಹಾಕಿದ. ಸೊಟ್ಟ ಇದ್ದುದನ್ನು ನೆಟ್ಟಗೆ ಮಾಡಿದ. ತಿಂಡಿ ತಿನ್ನುತ್ತಿದ್ದ ಇಬ್ಬರು ವಿದೇಶಿ ಹೆಂಗಸರು ಎದ್ದು ಬಂದು ಹತ್ತಿರದಿಂದ ನೋಡಿ, ಇದು ನಿಮ್ಮದೇ ಎಂದು ಕೇಳಿದರು. ಹೌದು ಎಂದ. ರಾಯಣ್ಣ ಗೋಡೆಯ ಕೆಳಗೆ ಬಿದ್ದ ಸುಣ್ಣದ ಪುಡಿ ಗುಡಿಸಿದ.

ತಾಯಕ್ಕ ಊಟಕ್ಕೆ ಕೂರಿಸಿ ಅನ್ನ ಬಡಿಸುತ್ತ ಕೇಳಿದಳು.

"ಇವ್ರೇನೋ ಬಂದ್ರು. ನೀ ಯಾವಾಗ ಬರ್ತೀಯಪ್ಪ?"

"ಸಂಡೂರಿನ ಆ ಹಾಳ್ಯಾಗ ಎಷ್ಟು ಸಲ ಅಂತ ಒಂದು ಕಾಲಂ ಹೆಚ್ಚಿಗಿ ಹಾಕಿದ ಮ್ಯಾಲೆ," ಎಂದ ಭರಮಣ್ಣ.

ತಾಯಕ್ಕನಿಗೆ ಅರ್ಥವಾಗಲಿಲ್ಲ. ಅವನು ಕೈ ತೊಳೆದು, ಗೋಡೆಯ ಕಡೆ ಇನ್ನೊಮ್ಮೆ ನೋಡಿ, ಒಂದೂವರೆಯ ತೆಪ್ಪ ತಪ್ಪಿಸಿಕೊಂಡರೆ ಯಾರ್ಡಿಗೆ ತಡವಾಗುತ್ತದೆ ಎಂದು ತಾಯಿಯನ್ನು ಅವಸರ ಮಾಡಿದ.